ವಾಯಿದೆ ಮುಗಿದರೆ ರಕ್ಷಣೆಯೂ ಮುಗಿಯಬೇಕೆ?

ಅಂಗಡಿಯಿಂದ ಎಬ್ಬಿಸಲು ಹೊರಟ ಕಟ್ಟಡದ ಮಾಲೀಕನ ಮೇಲೆ ತಡೆಯಾಜ್ಞೆ ತಂದ ವ್ಯಾಪಾರಿಗೆ “ಮುಂದಿನ ವಾಯಿದೆಯವರೆಗೆ” ಎಂಬ ಮಾತಿನ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂದು ಆಜ್ಞೆ ಮುಂದುವರಿಯದಿದ್ದರೆ ಮಾರನೆಯ ಬೆಳಿಗ್ಗೆ ಸಾಮಾನು ಬೀದಿಗೆ. ಅದೇ ಮಾತನ್ನು ಬರೆದು, ಗಂಡನ ಹೊಡೆತ ತಾಳಲಾರದೆ ಕೋರ್ಟಿನ ಮೆಟ್ಟಿಲು ಹತ್ತಿದ ಹೆಣ್ಣುಮಗಳ ಕೈಗೆ ಕೊಟ್ಟರೆ ಬೀದಿಗೆ ಬೀಳುವುದು ಸಾಮಾನಲ್ಲ, ಜೀವ.

ಕೊರತೆ ಶಾಸನದಲ್ಲಿದೆಯೆ? ಇಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. 18ನೆಯ ಕಲಮಿನಂತೆ ಕೊಟ್ಟ ರಕ್ಷಣಾ ಆದೇಶ, ಆಕೆಯೇ ಇನ್ನು ಬೇಡವೆಂದು ಅರ್ಜಿ ಹಾಕುವವರೆಗೆ ನಿಲ್ಲುತ್ತದೆಂದು 25ನೆಯ ಕಲಮು ಸಾರುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಇಂಥ ಆದೇಶಕ್ಕೆ ಅವಧಿಯುಂಟು. ಅದು ತೀರುವ ಮೊದಲೇ ಆಕೆ ಮತ್ತೆ ಕೋರ್ಟಿಗೆ ಹೋಗಬೇಕು. ಈ ಒಂದು ವಿಷಯದಲ್ಲಿ ನಮ್ಮ ಶಾಸನವೇ ಮುಂದಿದೆ.

ಮೋಸ ನಡೆಯುವುದು ನಡುವಿನ ದಾರಿಯಲ್ಲಿ. ಮೊದಲ ವಿಚಾರಣೆಯಿಂದ 60 ದಿನದೊಳಗೆ ಅರ್ಜಿ ಇತ್ಯರ್ಥ ಮಾಡಲು ಮ್ಯಾಜಿಸ್ಟ್ರೇಟರು ಯತ್ನಿಸಬೇಕೆಂದು 12ನೆಯ ಕಲಮು ಹೇಳುತ್ತದೆ. ವರ್ಷಗಟ್ಟಲೆ ಅಲೆದವರನ್ನು ಕೇಳಿ ನೋಡಿ! ಅಲ್ಲಿಯತನಕ ಆಕೆಗಿರುವುದು 23ನೆಯ ಕಲಮಿನ ಮಧ್ಯಂತರ ಆದೇಶವೊಂದೇ. ಎಷ್ಟೋ ಸಲ ಅದಕ್ಕೆ ವಾಯಿದೆಯ ಹಗ್ಗ ಕಟ್ಟಿರುತ್ತಾರೆ. ಆ ದಿನ ಮ್ಯಾಜಿಸ್ಟ್ರೇಟರು ರಜೆ, ಇಲ್ಲವೆ ವಕೀಲರ ಕಲಾಪ ಬಹಿಷ್ಕಾರ. ಗುಮಾಸ್ತರು ಹೊಸ ತಾರೀಖು ಹೇಳುತ್ತಾರೆ. “ಆದೇಶ ಮುಂದುವರಿದಿದೆ” ಎಂದು ಯಾರೂ ಬರೆಯುವುದಿಲ್ಲ. ಸಂಜೆ ಗಂಡ ಬಾಗಿಲು ಬಡಿಯುತ್ತಾನೆ. ಠಾಣೆಯಲ್ಲಿ ಕಾಗದ ತಿರುವಿ ನೋಡಿ, “ತಾರೀಖು ಮುಗಿದಿದೆಯಲ್ಲಮ್ಮ” ಎನ್ನುತ್ತಾರೆ. ಆದೇಶ ಮೀರಿದವನಿಗೆ 1 ವರ್ಷದವರೆಗೆ ಸಜೆ, 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಎನ್ನುವ 31ನೆಯ ಕಲಮು ಆಗ ಯಾರ ಪ್ರಯೋಜನಕ್ಕೆ?

“ಮುಂಚಿತವಾಗಿ ಒಂದು ಅರ್ಜಿ ಹಾಕಿದರಾಯಿತಲ್ಲ” ಎನ್ನುವವರಿದ್ದಾರೆ. ಹಾಕಲೇಬೇಕು, ನಿಜ. ಆದರೆ ಪ್ರತಿ ಅಲೆದಾಟಕ್ಕೂ ಒಂದು ಪಾಳಿಯ ಕೂಲಿ ಹೋಗುತ್ತದೆಂಬುದು ಇವರಿಗೆ ಗೊತ್ತೆ? “ಈಚೆಗೆ ಹೊಡೆದಿಲ್ಲವಲ್ಲ, ಇನ್ನೇಕೆ ಆದೇಶ?” ಎಂಬ ಪ್ರಶ್ನೆ ಬೇರೆ. ಕೊಡೆ ಹಿಡಿದವನು ನೆನೆದಿಲ್ಲವೆಂದು ಮಳೆಯಲ್ಲಿ ಕೊಡೆ ಕಿತ್ತುಕೊಳ್ಳುವ ನ್ಯಾಯವಿದು! ಕ್ಯಾಲಿಫೋರ್ನಿಯದಲ್ಲಿ ಕೂಡ ಆದೇಶ ಮುಂದುವರಿಸಲು ಹೊಸ ಏಟಿನ ಗುರುತು ತೋರಿಸಬೇಕಾಗಿಲ್ಲ. ಗಂಡನಿಗೆ ಅನ್ಯಾಯವಾದೀತೆ? ಪರಿಸ್ಥಿತಿ ಬದಲಾಗಿದ್ದರೆ ಆದೇಶ ತಿದ್ದಲು, ತೆಗೆಯಲು ಕಾಯಿದೆಯಲ್ಲೇ ದಾರಿಯಿದೆ. ಆ ಓಡಾಟ ಅವನೇ ಮಾಡಲಿ.

ಹೈಕೋರ್ಟು ಕೊಟ್ಟ ತಡೆಯಾಜ್ಞೆ ಆರು ತಿಂಗಳಿಗೆ ತಾನಾಗಿ ಬೀಳುತ್ತದೆಂಬ 2018ರ ತೀರ್ಪನ್ನು ಸುಪ್ರೀಂ ಕೋರ್ಟಿನ ಐವರ ಪೀಠ 2024ರ ಫೆಬ್ರವರಿ 29ರಂದು ತಳ್ಳಿಹಾಕಿತು. ಕೋರ್ಟಿನ ವಿಳಂಬಕ್ಕೆ ಕಕ್ಷಿದಾರ ದಂಡ ತೆರಬಾರದೆಂಬುದೇ ಅದರ ತಿರುಳು. ಆ ವ್ಯಾಜ್ಯ ಬೇರೆ, ನ್ಯಾಯ ಬೇರೆಯೆ?

ಆದ್ದರಿಂದ ನಮ್ಮ ಒತ್ತಾಯವಿಷ್ಟು: ಮಧ್ಯಂತರ ರಕ್ಷಣಾ ಆದೇಶ “ಮೊಕದ್ದಮೆ ತೀರುವವರೆಗೆ” ಎಂದೇ ಹೊರಡಲಿ. ತಾರೀಖು ಹಾಕಿದ್ದಲ್ಲಿ, ಅದು ಮುಗಿಯುವ ಮುನ್ನ ಮುಂದುವರಿಕೆಯ ಅರ್ಜಿ ಹಾಕಿಸುವ ಹೊಣೆಯನ್ನು ಸಂರಕ್ಷಣಾಧಿಕಾರಿ ಹೊರಲಿ. ಕೋರ್ಟಿನ ದಿನಕ್ಕೆ ಸಂಬಳಸಹಿತ ರಜೆ ಸಿಗಲಿ.

ಸಂಘದ ಗೆಳೆಯರೇ, ಬೋನಸ್ಸಿಗಾಗಿ ಗೇಟಿನ ಮುಂದೆ ಕೂರುವ ನಾವು, ಪಕ್ಕದ ಮನೆಯ ಕೂಗು ಕೇಳಿ ಕಿಟಕಿ ಮುಚ್ಚಿದರೆ ಯಾವ ಸಮಾಜವಾದ ಕಟ್ಟಿದಂತಾಯಿತು? ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, 1987ರ ಕಾಯಿದೆಯಂತೆ ಉಚಿತ ವಕೀಲರ ನೆರವುಂಟು. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಆಕೆಯನ್ನು ಕರೆದೊಯ್ಯಿರಿ. ಕೈಯಲ್ಲಿರುವ ಆದೇಶದ ಕೊನೆಯ ಸಾಲು ಓದಿ; ತಾರೀಖು ಇದ್ದರೆ ಇಂದೇ ಎಚ್ಚರಾಗಿ!