ಅಳತೆಯ ಪಾಠ ಕಾಲುವೆಯ ದಡದಲ್ಲಿ ನಡೆಯಲಿ

ಮಳೆಗಾಲ ಬಂತೆಂದರೆ ಮೈಸೂರು ಸೀಮೆಯ ಪತ್ರಿಕೆಗಳಲ್ಲಿ ಕಬಿನಿ ಜಲಾಶಯದ ಅಂಕಿಗಳು ದಿನವೂ ಅಚ್ಚಾಗುವುವು. ಪೂರ್ಣ ಮಟ್ಟ 2284 ಅಡಿ, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್. ಈ ಜಲಾಶಯವಿರುವುದು ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಬಳಿ. ಅಲ್ಲಿಯೇ ಬೆಳೆದ ಏಳನೆಯ ತರಗತಿಯ ಬಾಲಕನೊಬ್ಬನನ್ನು, ತುಂಬಿದ ಜಲಾಶಯದ ಆಳವೆಷ್ಟೆಂದು ಕೇಳಿದಾಗ ಅವನು “2284 ಅಡಿ” ಎಂದುಬಿಟ್ಟರೆ ನಾವು ನಗಬಾರದು. ಅದು ಸಮುದ್ರಮಟ್ಟದಿಂದ ಎಣಿಸಿದ ಎತ್ತರವೇ ಹೊರತು ನೀರಿನ ಆಳವಲ್ಲವೆಂಬುದನ್ನು ಕಾಲೇಜಿನ ವಿದ್ಯಾರ್ಥಿಗಳಲ್ಲಿಯೂ ಎಷ್ಟು ಮಂದಿ ಯೋಚಿಸಿರುವರು?

ದೋಷ ಬಾಲಕನದಲ್ಲ; ನಾವು ಅಳತೆಯನ್ನು ಕಲಿಸುವ ಕ್ರಮದ್ದು. ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಅಳತೆಯೆಂದರೆ ಬಹುಮಟ್ಟಿಗೆ ಮಾನಗಳ ಕೋಷ್ಟಕ. ಸಾವಿರ ಮಿಲಿಮೀಟರಿಗೆ ಒಂದು ಮೀಟರು ಎಂದು ಒಪ್ಪಿಸುವ ಹುಡುಗಿಗೆ ತನ್ನ ತರಗತಿಯ ಬಾಗಿಲು ಎಷ್ಟು ಮೀಟರು ಎತ್ತರವಿರಬಹುದೆಂಬ ಅಂದಾಜಿಲ್ಲ. ಈಜನ್ನು ಪುಸ್ತಕದಿಂದ ಕಲಿಯಲಾಗದಂತೆ ಅಳತೆಯನ್ನೂ ಕಲಿಯಲಾಗದು. ಅಳತೆಯು ಕೈಯ ವಿದ್ಯೆ.

ಕಬಿನಿಯ ಒಳಹರಿವನ್ನು ಮಕ್ಕಳು ಅಳೆಯಲಾರರು, ನಿಜ. ಆದರೆ ಗದ್ದೆಗೆ ನೀರು ಹಾಯಿಸುವ ಮೊಳಕಾಲುದ್ದದ ಕಾಲುವೆಯನ್ನು ಅಳೆಯಬಲ್ಲರು. ಹುಣಸೂರಿನ ಕಡೆ ಹನಗೋಡು, ಕೃಷ್ಣರಾಜನಗರದ ಕಡೆ ಚುಂಚನಕಟ್ಟೆ, ಹೀಗೆ ಅಣೆಕಟ್ಟೆಯ ನೀರು ಕಂಡ ಊರುಗಳು ಈ ಸೀಮೆಯಲ್ಲಿ ಹಲವಿವೆ. ದೊಡ್ಡ ನಾಲೆಯ ಹತ್ತಿರ ಸುಳಿಯದೆ, ಉಪಾಧ್ಯಾಯರ ಕಣ್ಣೆದುರಿನಲ್ಲಿ, ಸಣ್ಣ ಕಾಲುವೆಯೊಂದರ ದಡದಲ್ಲಿ 10 ಮೀಟರು ಗುರುತು ಹಾಕಲಿ. ತೆಂಗಿನ ಚಿಪ್ಪೊಂದನ್ನು ತೇಲಿಬಿಟ್ಟು, ಅದು ಆ ದೂರವನ್ನು ಸಾಗಲು ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ನೋಡಲಿ. 20 ಸೆಕೆಂಡು ಹಿಡಿಯಿತೆನ್ನೋಣ. ವೇಗ ಸೆಕೆಂಡಿಗೆ ಅರ್ಧ ಮೀಟರು. ಕಾಲುವೆಯ ಅಗಲ 60 ಸೆಂಟಿಮೀಟರು, ನೀರಿನ ಆಳ 20 ಸೆಂಟಿಮೀಟರು ಇದ್ದರೆ, ಸೆಕೆಂಡಿಗೆ ಹರಿಯುವ ನೀರು 60 ಲೀಟರು. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ ನಿಜವಾದ ಹರಿವು ಇದಕ್ಕಿಂತ ಕಡಿಮೆ. ಸುಮಾರು 50 ಲೀಟರು ಎನ್ನಬಹುದು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರು. ಹಾಗಾದರೆ ತಮ್ಮೂರ ಕಾಲುವೆಯಲ್ಲಿ ಎರಡು ಕ್ಯೂಸೆಕ್‌ಗೆ ತುಸು ಕಡಿಮೆ ನೀರು ಹರಿಯುತ್ತಿದೆ! ಅಂದಿನಿಂದ ಪತ್ರಿಕೆಯ “ಇಪ್ಪತ್ತು ಸಾವಿರ ಕ್ಯೂಸೆಕ್” ಎಂಬ ಮಾತು ಆ ಮಕ್ಕಳಿಗೆ ಬರಿಯ ಸದ್ದಾಗಿ ಉಳಿಯದು.

ಇದಕ್ಕಿಂತಲೂ ದೊಡ್ಡ ಲಾಭ ಮತ್ತೊಂದಿದೆ. ಐದು ತಂಡಗಳು ಅಳೆದರೆ ಐದು ಉತ್ತರಗಳು ಬರುವುವು: 18, 19, 20, 21, 22 ಸೆಕೆಂಡು. ನಮ್ಮ ವಾಡಿಕೆಯಂತೆ ಒಂದನ್ನು ಸರಿಯೆಂದು ಬರೆಯಿಸಿ ಉಳಿದವನ್ನು ಅಳಿಸಿಬಿಟ್ಟರೆ ಪಾಠವೇ ಅಳಿಸಿಹೋದಂತೆ. ಚಿಪ್ಪು ದಡಕ್ಕೆ ತಗುಲಿತೇ? ಗಡಿಯಾರ ನೋಡಿದವನು ತಡಮಾಡಿದನೇ? ಸರಾಸರಿ ತೆಗೆದರೆ ಮೇಲೇ? ಈ ಪ್ರಶ್ನೆಗಳನ್ನು ಕೇಳುವುದೇ ವಿಜ್ಞಾನ. 1800ರಲ್ಲಿ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಉಕ್ಕಿನ ಸರಪಣಿಯಿಂದ ಭೂಮಾಪನದ ಆಧಾರರೇಖೆಯನ್ನು ಅಳೆದಾಗ, ಬಿಸಿಲಿಗೆ ಸರಪಣಿ ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿದನು. ತಪ್ಪನ್ನು ಮುಚ್ಚಿಡದೆ ಅದನ್ನೂ ಅಳೆದವನೇ ನಿಜವಾದ ಅಳತೆಗಾರ.

ಪಾಠಕ್ರಮ ಮುಗಿಯಬೇಕು, ಇದಕ್ಕೆಲ್ಲ ಹೊತ್ತೆಲ್ಲಿ ಎಂದು ಉಪಾಧ್ಯಾಯರು ಕೇಳುವರು. ಅವರ ಕಷ್ಟ ಸುಳ್ಳಲ್ಲ. ಆದರೆ ಒಂದು ಶನಿವಾರದ ಬೆಳಗ್ಗೆ ಕಾಲುವೆಯ ದಡದಲ್ಲಿ ಉದ್ದ, ಕಾಲ, ವೇಗ, ಗಾತ್ರ, ಸರಾಸರಿ ಎಂಬ ಐದು ಪಾಠಗಳು ಒಟ್ಟಿಗೆ ಮುಗಿಯುವುವು. ಬೇಕಾದುದು ಒಂದು ಹಗ್ಗ, ಒಂದು ಕೋಲು, ಒಂದು ಗಡಿಯಾರ. ಕಾಲುವೆಯಿಲ್ಲದ ಊರಿನಲ್ಲಿ ಮಳೆಯಿದೆ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರು. ನೆಟ್ಟಗಿನ ಗೋಡೆಯ ಡಬ್ಬಿಯೊಂದೇ ಅಲ್ಲಿ ಪ್ರಯೋಗಶಾಲೆ.

ಪರೀಕ್ಷೆಯೂ ಬದಲಾಗಬೇಕು. ಅಳತೆಯ ಪ್ರಶ್ನೆಗೆ ಒಂದೇ ಉತ್ತರವನ್ನು ನಿರೀಕ್ಷಿಸದೆ, ಹೇಗೆ ಅಳೆದೆ, ಎಷ್ಟು ಸಲ ಅಳೆದೆ ಎಂಬುದಕ್ಕೆ ಅಂಕ ಸಲ್ಲಬೇಕು.

ಇದು ಶಾಲೆಯ ಗೋಡೆಯೊಳಗಿನ ಮಾತಷ್ಟೇ ಅಲ್ಲ. ನಾಳೆ ಇದೇ ಮಕ್ಕಳು ಸರದಿಯ ನೀರಿಗಾಗಿ ಕಾಯುವರು. ಹೊಗೆಸೊಪ್ಪನ್ನೋ ಹತ್ತಿಯನ್ನೋ ತಕ್ಕಡಿಗೆ ಇಡುವರು. ಅಳೆಯಲರಿಯದವನು ಪರರು ಹೇಳಿದ ಅಂಕಿಯನ್ನು ನಂಬಬೇಕು, ಇಲ್ಲವೇ ಸುಮ್ಮನೆ ಸಂಶಯಪಡಬೇಕು. ಅಳೆಯಬಲ್ಲವನಾದರೋ ಪರೀಕ್ಷಿಸಿ ನೋಡುವನು.

ಹೈಸ್ಕೂಲು, ಕಾಲೇಜುಗಳಲ್ಲಿ ಓದುತ್ತಿರುವ ತರುಣ ವಾಚಕರು ಮುಂದಿನ ರಜೆಯಲ್ಲಿ ತಮ್ಮೂರಿನ ಶಾಲೆಗೆ ಒಂದು ಹಗ್ಗ ಹಿಡಿದು ಹೋಗಲಿ. ಮೊದಲು ತಾವು ಅಳೆಯಲಿ. ಬಳಿಕ ಮಕ್ಕಳ ಕೈಗೆ ಹಗ್ಗವನ್ನು ಕೊಡಲಿ.