ಹಿರಿಯರ ಭವನದ ಗೋಡೆ ಯಾರದ್ದು?

ಶಿಕಾರಿಪುರ-ಸೊರಬದ ಕಡೆ ಯಾವುದಾದರೂ ಹೊಸ ಭವನಕ್ಕೆ ಹೋಗಿ ನೋಡಿ. ಸಮುದಾಯ ಭವನವಿರಲಿ, ನಿವೃತ್ತ ನೌಕರರ ಭವನವಿರಲಿ, ಹಿರಿಯ ನಾಗರಿಕರ ಹಗಲು ಕೇಂದ್ರವಿರಲಿ, ಬಾಗಿಲಲ್ಲಿ ಮೊದಲು ಕಾಣೋದು ಕರಿ ಗ್ರಾನೈಟ್ ಕಲ್ಲು. ಶಂಕುಸ್ಥಾಪನೆ ಯಾರಿಂದ, ಉದ್ಘಾಟನೆ ಯಾರಿಂದ, ಘನ ಉಪಸ್ಥಿತಿ ಯಾರದು... ಮೇಲಿಂದ ಕೆಳಗಿನವರೆಗೆ ಹೆಸರುಗಳು. ಒಳಗೆ ಹೋದರೆ ಡಿಸ್ಟೆಂಪರ್ ಬಳಿದ ಗೋಡೆ, ಒಂದು ಕ್ಯಾಲೆಂಡರ್, ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಕೊನೆಗೆ ದುಡ್ಡು ಉಳಿದರೆ ಅಂಗಳದಲ್ಲೊಂದು ಸಿಮೆಂಟಿನ ಜಿಂಕೆ. ಪುಣ್ಯವಿದ್ದರೆ ಹುಲಿ :)

ಇದು ಬರೀ ಚೆಂದ-ಕುರೂಪದ ಮಾತಲ್ಲ. ದಿನವಿಡೀ ಅಲ್ಲಿ ಕೂರುವವರಿಗೆ ಆ ಗೋಡೆ ಒಂದು ಮಾತು ಹೇಳುತ್ತೆ: "ನಿಮಗೆ ಇಷ್ಟು ಸಾಕು" ಅಂತ. ವಯಸ್ಸಾದವರಿಗೆ ಊಟ, ಔಷಧಿ, ಟಿವಿ ಕೊಟ್ಟರೆ ಮುಗೀತು ಅನ್ನೋದು ನಮ್ಮ ಸಾಮಾನ್ಯ ಲೆಕ್ಕ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯಿದೆಯಲ್ಲಿ ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಜಾಗ ಇರುವ ವೃದ್ಧಾಶ್ರಮ ಕಟ್ಟುವ ಮಾತಿದೆ. ಒಳ್ಳೆಯದೇ. ಆದರೆ ಕಟ್ಟಿದ ಮೇಲೆ ಅದು ಮನೆಯ ಹಾಗಿರಬೇಕೋ ಬಸ್ ಸ್ಟ್ಯಾಂಡಿನ ಹಾಗಿರಬೇಕೋ ಅನ್ನೋದನ್ನ ಕಾಯಿದೆ ತೀರ್ಮಾನ ಮಾಡಲ್ಲ, ನಾವು ಮಾಡಬೇಕು.

ಫ್ರಾನ್ಸಿನಲ್ಲಿ 1951ರಿಂದಲೂ ಒಂದು ನಿಯಮವಿದೆ: ಸರ್ಕಾರಿ ಕಟ್ಟಡದ ಖರ್ಚಿನಲ್ಲಿ ನೂರಕ್ಕೆ ಒಂದು ಪಾಲು ಕಲೆಗೆ. ಮೊದಲು ಶಾಲೆಗಳಿಗೆ ಅಂತ ಶುರುವಾಗಿ ಆಮೇಲೆ ಬೇರೆ ಕಟ್ಟಡಗಳಿಗೂ ಬಂತು. "ಅದು ಫ್ರಾನ್ಸು, ಇದು ಶಿಕಾರಿಪುರ" ಅಂತೀರಾ? ಹಾಗಾದರೆ ಶಿಕಾರಿಪುರದ್ದೇ ಹೇಳ್ತೀನಿ. ಬಳ್ಳಿಗಾವಿ ಇದೇ ತಾಲೂಕಿನದು. ಅಲ್ಲಿನ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠದ ಬಗ್ಗೆ 1162ರ ಶಾಸನವಿದೆ. ಅದು ಪಾಠ ನಡೆಯುವ ಜಾಗ, ದಿಕ್ಕಿಲ್ಲದವರಿಗೆ ಊಟ ಹಾಕುವ ಜಾಗ, ರೋಗಿಗಳಿಗೆ ಔಷಧೋಪಚಾರ ಮಾಡುವ ಜಾಗ ಅಂತ ಶಾಸನ ಹೇಳುತ್ತೆ. ಪಕ್ಕದಲ್ಲೇ ಕೆತ್ತನೆ ತುಂಬಿದ ಗುಡಿ. ಅನ್ನ ಮೊದಲು, ಕಲೆ ಆಮೇಲೆ ಅಂತ ಅವರು ಭಾಗ ಮಾಡಿಕೊಂಡಿರಲಿಲ್ಲ.

ಇನ್ನು ಕಲ್ಲಿನ ಮೇಲಿನ ಹೆಸರಿನ ವಿಷಯ. ತಾಳಗುಂದವೂ ಶಿಕಾರಿಪುರ ತಾಲೂಕೇ. ಐದನೇ ಶತಮಾನದ ಆ ಕದಂಬರ ಕಂಬದ ಮೇಲೆ ಕೆರೆ ಕಟ್ಟಿಸಿದ ಕಾಕುತ್ಸ್ಥವರ್ಮನ ಹೆಸರಿದೆ, ಜೊತೆಗೆ ಪದ್ಯ ಬರೆದ ಕುಬ್ಜನ ಹೆಸರೂ ಇದೆ. ಬಳ್ಳಿಗಾವಿಯ ದಾಸೋಜ ಮತ್ತವನ ಮಗ ಚಾವಣ ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಕೆತ್ತಿದ ಶಿಲ್ಪಗಳ ಕೆಳಗೆ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಒಂಬೈನೂರು ವರ್ಷದ ಹಿಂದೆ ಇದ್ದ ಮರ್ಯಾದೆ ಇವತ್ತಿನ ಗ್ರಾನೈಟಿನಲ್ಲಿ ಎಲ್ಲಿ ಹೋಯ್ತು? ಕಟ್ಟಿಸಿದವರ ಹೆಸರಿದೆ, ಟೇಪು ಕತ್ತರಿಸಿದವರ ಹೆಸರಿದೆ. ಕೈಯಾರೆ ಮಾಡಿದವರದ್ದು?

ನಾನು ಹೇಳಬೇಕು ಅಂತಿರೋದು ಇಷ್ಟೇ. ಹಿರಿಯರ ಭವನಕ್ಕೆ ಕಲೆ ಬೇಕು ಅಂದ್ರೆ ಕಲಾವಿದರನ್ನ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಎಷ್ಟೋ ಸಲ ಅವರು ಅದೇ ಭವನದ ಕುರ್ಚಿ ಮೇಲೆ ಕೂತಿರ್ತಾರೆ!

ಸೊರಬ-ಸಾಗರದ ದೀವರ ಮನೆಗಳ ಹಸೆ ಚಿತ್ತಾರ ಗೊತ್ತಲ್ಲ? ಕೆಮ್ಮಣ್ಣು ಬಳಿದ ಗೋಡೆ, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಕರಕಲಾಗುವಷ್ಟು ಹುರಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಬರೆಯೋಕೆ ಪುಂಡಿ ನಾರಿನ ಕುಂಚ. ಇಡೀ ಸಾಮಾನು ಗದ್ದೆ-ಕಾಡಿನದೇ. ಮದುವೆಗೆ ಹಸೆಗೋಡೆ, ಭೂಮಿ ಹುಣ್ಣಿಮೆಗೆ ಭೂಮಣ್ಣಿ ಬುಟ್ಟಿ. ಬರೆಯೋರು ಹೆಂಗಸರು. ಮಣ್ಣಿನ ಗೋಡೆ ಹೋಗಿ ಸಿಮೆಂಟ್ ಗೋಡೆ ಬಂದ ಮೇಲೆ ಬರೆಯೋ ಜಾಗವೇ ಕಮ್ಮಿಯಾಯ್ತು. ಕೈಯಲ್ಲಿ ಎಳೆ ನೆಟ್ಟಗೆ ಬರುವ ಅಜ್ಜಿಗೆ ಗೋಡೆ ಇಲ್ಲ, ಭವನದಲ್ಲಿ ಗೋಡೆ ಖಾಲಿ ಇದೆ. ಇವೆರಡನ್ನ ಸೇರಿಸೋಕೆ ನಮಗೆ ಯಾಕೆ ತೋಚಲ್ಲ?

ಸೊರಬದಲ್ಲೇ ಗುಡಿಗಾರರ ಕಸುಬೂ ಇದೆ. ಸೊರಬ, ಸಾಗರದ ಗುಡಿಗಾರರ ಗಂಧದ ಕೆತ್ತನೆಯ ಸುದ್ದಿ ರೈಸ್ ಸಾಹೇಬರ ಮೈಸೂರು ಗೆಜೆಟಿಯರಿನಲ್ಲೂ ಬಂದಿದೆ. ಶಿಕಾರಿಪುರದ ಕಡೆ ಲಂಬಾಣಿ ತಾಂಡಾಗಳಿವೆ, ಕನ್ನಡಿ ಚೂರು ಕೂರಿಸಿ ಬಟ್ಟೆ ಹೊಲಿಯುವ ಅಜ್ಜಿಯರ ಕಸೂತಿ ಇದೆ. ಹಾಗಾಗಿ ಎರಡು ತಾಲೂಕಿನ ಭವನಗಳಿಗೂ ಒಂದೇ ಚಿತ್ರ ಮೆತ್ತಬೇಕಿಲ್ಲ.

ಹೇಗೆ ಮಾಡಬಹುದು ಅಂತ ನನಗೆ ಅನ್ನಿಸಿದ್ದು:

1. ಏನು ಬರೆಯಬೇಕು ಅಂತ ತೀರ್ಮಾನಿಸುವ ಸಮಿತಿಯಲ್ಲಿ ಅರ್ಧದಷ್ಟಾದರೂ ಅಲ್ಲಿಗೆ ಬಂದು ಕೂರುವ ಹಿರಿಯರೇ ಇರಲಿ. ಅದರಲ್ಲಿ ಹೆಂಗಸರೂ ಇರಲಿ. ಹಸೆಯಲ್ಲಿ ಯಾವುದು ಮದುವೆ ಮನೆಗೆ ಮಾತ್ರ, ಯಾವುದನ್ನ ಸಾರ್ವಜನಿಕ ಗೋಡೆಗೆ ಬರೆಯಬಹುದು ಅಂತ ಬರೆಯುವವರೇ ಹೇಳಲಿ. ಬೇಡ ಅಂದರೆ ಬೇಡ.

2. ಸೇವೆ ಅಂತ ಪುಕ್ಕಟೆ ಮಾಡಿಸಬೇಡಿ. ಬಣ್ಣ ಹೊಡೆಯುವವರಿಗೆ ಕೂಲಿ ಕೊಡ್ತೀವಿ, ಚಿತ್ತಾರದ ಅಜ್ಜಿಗೆ ಶಾಲು-ಹಾರ! ಅವರಿಗೂ ದಿನಗೂಲಿ ಲೆಕ್ಕ ಬೇಕು, ಊಟ-ಬಸ್ ಚಾರ್ಜು ಬೇಕು. ಕಡಿಮೆ ರೇಟು ಕೂಗಿದವರಿಗೆ ಟೆಂಡರ್ ಅನ್ನೋದು ಚರಂಡಿಗೆ ಸರಿ, ಚಿತ್ತಾರಕ್ಕೆ ಅಲ್ಲ.

3. ನೋಡುವವರ ಕಣ್ಣು, ಮೊಣಕಾಲು ನೆನಪಿರಲಿ. ಕೂತವರ ಕಣ್ಣಿನ ಮಟ್ಟಕ್ಕೆ ಚಿತ್ರ ಬರಲಿ. ಕಣ್ಣಿನ ಪೊರೆ ಇರುವವರಿಗೆ ಗಾಜು ಹೊಳೆದರೆ ಏನೂ ಕಾಣಲ್ಲ, ಹಾಗಾಗಿ ಗಾಜಿನ ಚೌಕಟ್ಟು ಬೇಡ. ಗುಡಿಗಾರರ ಕೆತ್ತನೆ ಕೈಗೆಟುಕುವ ಹಾಗಿರಲಿ. ಕಣ್ಣು ಮಂಜಾದವರು ಸವರಿ ನೋಡಬಹುದು.

4. ಒಂದು ಸಲದ ದುಡ್ಡಲ್ಲ, ವರ್ಷ ವರ್ಷದ ದುಡ್ಡು ತೆಗೆದಿಡಿ. ಇದೇ ಮುಖ್ಯ.

ನಾಲ್ಕನೆಯದಕ್ಕೆ ಆಕ್ಷೇಪ ಬರುತ್ತೆ ಅಂತ ಗೊತ್ತು. "ಅಕ್ಕಿ ಹಿಟ್ಟು ಎಷ್ಟು ದಿನ ಇರುತ್ತೆ ಮಾರಾಯ್ರೆ, ಫ್ಲೆಕ್ಸ್ ಪ್ರಿಂಟ್ ಹಾಕಿಸಿದ್ರೆ ಹತ್ತು ವರ್ಷ ಚಿಂತೆಯಿಲ್ಲ" ಅಂತಾರೆ. ಅಳಿಸಿಹೋಗೋದೇ ಇದರ ಲಾಭ ಅಂತ ನನ್ನ ವಾದ. ಅಳಿಸಿದರೆ ಮತ್ತೆ ಬರೀಬೇಕು. ಮತ್ತೆ ಬರೀಬೇಕಾದರೆ ಕಾಲೇಜಿಗೆ ಹೋಗೋ ಹುಡುಗಿಯೊಬ್ಬಳು ಕುಂಚ ಹಿಡಿದು ಅಜ್ಜಿಯ ಪಕ್ಕ ಕೂರಬೇಕು. ವರ್ಷಕ್ಕೊಮ್ಮೆ, ಭೂಮಿ ಹುಣ್ಣಿಮೆಯ ಹೊತ್ತಿಗೆ ಅಂತಿಟ್ಟುಕೊಳ್ಳಿ, ಜಗಲಿಯ ಒಂದು ಗೋಡೆ ಬಳಿದು ಬರೆದರೆ ಆ ಒಂದು ವಾರ ಭವನದಲ್ಲಿ ಅಜ್ಜಿ ಫಲಾನುಭವಿ ಅಲ್ಲ, ಮೇಷ್ಟ್ರು. ಫ್ಲೆಕ್ಸ್ ಹತ್ತು ವರ್ಷ ಇರಬಹುದು. ಅಷ್ಟರಲ್ಲಿ ಬರೆಯೋಕೆ ಬರುವವರು ಇರದೇ ಹೋಗಬಹುದು. ಯಾವುದನ್ನ ಉಳಿಸಬೇಕು ಅನ್ನೋದಷ್ಟೇ ಪ್ರಶ್ನೆ.

ಉಡುತಡಿಯಲ್ಲಿ ಅಕ್ಕಮಹಾದೇವಿಯ ದೊಡ್ಡ ಪ್ರತಿಮೆ ಎದ್ದಿದೆ, ಜನ ಹೋಗಿ ನೋಡ್ತಾರೆ, ಸಂತೋಷ. ಅಂಥದ್ದಕ್ಕೆ ದುಡ್ಡು ಹೊಂದಿಸಬಲ್ಲ ಸೀಮೆಗೆ ಒಂದು ಜಗಲಿ ಗೋಡೆಯ ಖರ್ಚು ಭಾರವಾಗೋದಿಲ್ಲ.

ನಿಮ್ಮೂರಲ್ಲಿ ಹಿರಿಯರಿಗೆ ಅಂತ ಕಟ್ಟಡ ಏಳುತ್ತಿದ್ದರೆ ಪ್ಲಾಸ್ಟರಿಂಗ್ ಮುಗಿಯುವ ಮೊದಲೇ ಹೋಗಿ ಮಾತಾಡಿ. ಮಳೆ ಇರಚಲು ಹೊಡೆಯದ ಕಡೆ ಒಂದು ಗೋಡೆಗೆ ಪೇಂಟ್ ಹಚ್ಚದೆ ಬಿಡಿ ಅಂತ ಹೇಳಿ. ಆಮೇಲೆ ಹೆಸರಿನ ಕಲ್ಲು ಹಾಕಿಸುವಾಗ ಕೊನೇ ಸಾಲಿನಲ್ಲಾದರೂ ಬರೆದವರ ಹೆಸರಿಗೆ ಜಾಗ ಕೇಳಿ. ನಮ್ಮ ದಾಸೋಜ ಯಾರನ್ನೂ ಕೇಳಿದ ಹಾಗೆ ಕಾಣಲ್ಲ, ಸುಮ್ಮನೆ ಕೆತ್ತೇಬಿಟ್ಟ :)

ನಿಮಗೇನನ್ನಿಸುತ್ತೆ, ಹೇಳಿ.