ಹತ್ತು ನಿಮಿಷದ ಹಾದಿ

1935ರ ಆಗಸ್ಟ್ 15ರ ಸಂಜೆ. ಅಲಾಸ್ಕಾದ ಉತ್ತರ ತೀರದಲ್ಲಿ ಮಂಜು ದಟ್ಟವಾಗಿ ಕವಿದಿತ್ತು. ದಾರಿ ಕಾಣದಾದ ಪುಟ್ಟ ವಿಮಾನವೊಂದು ಕಡಲಂಚಿನ ಹಿನ್ನೀರಿನ ಮೇಲೆ ಇಳಿಯಿತು. ಅದರಲ್ಲಿದ್ದ ಇಬ್ಬರು, ದಡದಲ್ಲಿ ಬೀಡುಬಿಟ್ಟಿದ್ದ ಬೇಟೆಗಾರರನ್ನು ಬ್ಯಾರೋ ಊರಿನ ದಿಕ್ಕು ಕೇಳಿ ತಿಳಿದರು. ಇನ್ನುಳಿದದ್ದು ಸುಮಾರು 15 ಮೈಲಿ. ವಿಮಾನಕ್ಕೆ ಹತ್ತು ನಿಮಿಷವೂ ಬೇಡ.

ಇಬ್ಬರೂ ಲೋಕಪ್ರಸಿದ್ಧರು. ಚಾಲಕನು ವೈಲಿ ಪೋಸ್ಟ್. ಎಣ್ಣೆಬಾವಿಯ ಕೆಲಸದಲ್ಲಿ ಒಂದು ಕಣ್ಣನ್ನು ಕಳೆದುಕೊಂಡು, ಆ ಪರಿಹಾರಧನದಿಂದಲೇ ತನ್ನ ಮೊದಲ ವಿಮಾನವನ್ನು ಕೊಂಡ ಧೀರ. 1933ರಲ್ಲಿ ಏಕಾಕಿಯಾಗಿ ಭೂಮಂಡಲವನ್ನು ಸುತ್ತಿಬಂದ ಮೊದಲ ವೈಮಾನಿಕ. ಜೊತೆಗಾರನು ವಿಲ್ ರಾಜರ್ಸ್. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅಮೆರಿಕದ ಜನರನ್ನು ನಗಿಸಿದ ನಟ, ಪತ್ರಿಕೆಗಳ ವಿನೋದ ಲೇಖಕ.

ವಿಮಾನ ಮಾತ್ರ ಇವರಿಗೆ ತಕ್ಕುದಾಗಿರಲಿಲ್ಲ. ಅದರ ಒಡಲು ಒಂದು ಮಾದರಿಯದು, ರೆಕ್ಕೆ ಇನ್ನೊಂದರದು. ಈ ಜೋಡಣೆ ಅಪಾಯಕರವೆಂದು ಲಾಕ್‌ಹೀಡ್ ಕಂಪೆನಿಯು ಮಾಡಿಕೊಡಲು ಒಪ್ಪಲಿಲ್ಲ. ಪೋಸ್ಟನು ತಾನೇ ಮಾಡಿಸಿಕೊಂಡನು. ನೀರಿನ ಮೇಲೆ ಇಳಿಯಲು ಗಾಲಿಗಳ ಬದಲು ದೋಣಿಯಂತೆ ತೇಲುವ ಕಾಲುಗಳು ಬೇಕಿದ್ದವು. ಅವು ಬರುವುದು ತಡವಾಗಲು, ಬೇರೊಂದು ದೊಡ್ಡ ವಿಮಾನದ ಕಾಲುಗಳನ್ನೇ ತೊಡಿಸಿದನು. ವಿಮಾನದ ಮೂತಿ ಭಾರವಾಯಿತು. ಎಂಜಿನ್ನಿನ ಬಲವಿರುವತನಕ ಆ ದೋಷ ಹೇಗೋ ಅಂಕೆಯಲ್ಲಿತ್ತು.

ಬಹು ಎತ್ತರದಲ್ಲಿ ಎಂಜಿನ್ ನಿಂತರೂ ವಿಮಾನವು ತಟ್ಟನೆ ಬೀಳುವುದಿಲ್ಲ. ಎತ್ತರವನ್ನು ತೆತ್ತು ವೇಗವನ್ನು ಕೊಳ್ಳುತ್ತ ಗಾಳಿಯಲ್ಲಿ ಜಾರಿ ಇಳಿಯಬಲ್ಲದು. ಆಗತಾನೆ ಮೇಲೆದ್ದ ವಿಮಾನಕ್ಕಾದರೋ ಎತ್ತರ, ವೇಗ ಎರಡಕ್ಕೂ ಬಡತನ. ಅಂಥ ಗಳಿಗೆಯಲ್ಲೇ, ಹಿನ್ನೀರಿನಿಂದೆದ್ದು ಬಲಕ್ಕೆ ಹೊರಳುತ್ತಿದ್ದಾಗ, ಪೋಸ್ಟನ ಎಂಜಿನ್ ನಿಂತುಹೋಯಿತು. ಭಾರವಾದ ಮೂತಿ ಕೆಳಗಾಯಿತು. ವಿಮಾನವು ಆಳವಿಲ್ಲದ ನೀರಿಗೆ ಅಪ್ಪಳಿಸಿ ಮಗುಚಿಕೊಂಡಿತು.

ಸ್ವಲ್ಪ ಹೊತ್ತಿಗೆ ಮುಂಚೆ ದಾರಿ ತೋರಿದ್ದ ಬೇಟೆಗಾರ ಒಕ್ಪೀಹಾ ದಡದಿಂದ ಕೂಗಿ ಕರೆದನು. ಉತ್ತರ ಬರಲಿಲ್ಲ. ಇಬ್ಬರೂ ಅಸುನೀಗಿದ್ದರು. ಅವನು ಬ್ಯಾರೋದ ಕಡೆಗೆ ಓಡತೊಡಗಿದನು. ವಿಮಾನಕ್ಕೆ ಹತ್ತು ನಿಮಿಷವೂ ಬೇಡದಿದ್ದ ಹಾದಿಯನ್ನು, ಜೌಗುನೆಲವನ್ನು ತುಳಿಯುತ್ತ, ಗಂಟೆಗಟ್ಟಲೆ ಓಡಿ ಮುಗಿಸಿ ಸುದ್ದಿ ಮುಟ್ಟಿಸಿದನು. ಆ ಊರಿಗೆ ಇಂದು ಉಟ್ಕಿಯಾಗ್ವಿಕ್ ಎಂಬ ಹೆಸರು.

ಪೋಸ್ಟನಿಗೆ ಧೈರ್ಯ ಕಡಮೆಯಿರಲಿಲ್ಲ, ಕೌಶಲವೂ ಕಡಮೆಯಿರಲಿಲ್ಲ. ಎಂಟು ದಿನಗಳೊಳಗೆ ಭೂಮಿಯನ್ನು ಸುತ್ತಿದ ಆ ವೀರನಿಗೆ, ತನ್ನ ವಿಮಾನಕ್ಕೆ ತಕ್ಕ ಕಾಲುಗಳು ಬರುವವರೆಗೆ ಕಾಯುವುದು ಮಾತ್ರ ಆಗಲಿಲ್ಲ.